ಏಳನೇ ಮಂಚದ ಮಾದೇವಮ್ಮ

ಟಿ. ನರಸೀಪುರದಲ್ಲಿ ನಾನು ಕೆಲಸಕ್ಕಿದ್ದ ಆಸ್ಪತ್ರೆಯ ಜಾಗದಲ್ಲಿ ಈಗ ಮಂಚ, ಬೀರು, ಪ್ಲಾಸ್ಟಿಕ್ ಕುರ್ಚಿ ಮಾರುವ ಅಂಗಡಿಯಿದೆ. ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆಂದು ಅಣ್ಣನ ಮಗಳು ಚೈತ್ರಳ ಜೊತೆ ನಂಜನಗೂಡಿನಿಂದ ಹೋದವನು, ಬಸ್ಸಿಳಿಯುತ್ತಲೇ ಸುರಿದ ಮಳೆಗೆ ಹೆದರಿ ಆ ಅಂಗಡಿಯೊಳಕ್ಕೆ ನುಗ್ಗಿದೆ. ಆಗಷ್ಟೇ ಫಿನಾಯಿಲ್ ಹಾಕಿ ನೆಲ ಒರೆಸಿದ್ದರು. ಮೂಲೆಯಲ್ಲೊಂದು ಕಬ್ಬಿಣದ ಮಂಚ, ಅದರ ತಲೆಭಾಗ ಉತ್ತರಕ್ಕೆ. ನಾನು ಅದರ ಮುಂದೆ ಹೋಗಿ ನಿಂತುಬಿಟ್ಟೆ.

ಬಸ್ಸಿನಲ್ಲಿ ಬರುವಾಗ ಚೈತ್ರ ಒಂದು ಪ್ರಶ್ನೆ ಕೇಳಿದ್ದಳು. ಪಿಯುಸಿ ಮುಗಿಸಿದ್ದಾಳೆ. ಕಂಪ್ಯೂಟರೋ ನರ್ಸಿಂಗೋ, ವಾರದೊಳಗೆ ತೀರ್ಮಾನವಾಗಬೇಕು. ಇನ್ನು ಮುಂದೆ ಬರೆಯುವುದು, ಲೆಕ್ಕ ಹಾಕುವುದು, ಯೋಚಿಸುವುದು ಎಲ್ಲವನ್ನೂ ಯಂತ್ರವೇ ಮಾಡುತ್ತದಂತೆ, ನರ್ಸಿಂಗಿಗೆ ಮಾತ್ರ ಭಯವಿಲ್ಲವಂತೆ ಎಂದು ಅವಳ ಗೆಳತಿಯರು ಮಾತಾಡಿಕೊಳ್ಳುತ್ತಿದ್ದಾರಂತೆ. “ನೀವು ಇಷ್ಟು ವರ್ಷ ಮಾಡಿದ್ದೀರಲ್ಲ ಚಿಕ್ಕಪ್ಪ, ಸೇಫಾ?” ಎಂದಳು. ನಾನು “ನೋಡೋಣ” ಅಂದೆ. ಬೀಗ ಹಾಕಿದೆಯೋ ಇಲ್ಲವೋ ಎಂದು ಮೂರು ಸಲ ತಿರುಗಿ ಹೋಗಿ ಎಳೆದು ನೋಡುವ, ಬಸ್ಸು ಹತ್ತಿ ಟಿಕೆಟ್ ತೆಗೆದುಕೊಂಡ ಮೇಲೂ ಇದು ನಮ್ಮೂರಿನ ಬಸ್ಸೇ ತಾನೇ ಎಂದು ಪಕ್ಕದವರನ್ನು ಕೇಳುವ ಮನುಷ್ಯನ ಹತ್ತಿರ ಇಂಥ ಪ್ರಶ್ನೆ ಕೇಳಬಾರದು. ಆದರೆ ಆ ಮಂಚದ ಮುಂದೆ ನಿಂತಾಗ, ಈ ಹುಡುಗಿಗೆ ಒಂದು ವರ್ಷದ ಕಥೆಯನ್ನಾದರೂ ಹೇಳಬೇಕು ಅನ್ನಿಸಿತು. ಮಳೆ ನಿಲ್ಲುವವರೆಗೆ ಹೇಳಿದೆ. ಅಂಗಡಿಯವರು ಕೇಳಿಸಿಕೊಳ್ಳುತ್ತಾರೆಂಬ ಸಂಕೋಚಕ್ಕೆ ಅಲ್ಲಿ ಅರ್ಧ ನುಂಗಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಅವಳ ಪ್ರಶ್ನೆಯನ್ನು ಅವಳ ವಯಸ್ಸಿನಲ್ಲಿ ನಾನೂ ಕೇಳಿದ್ದೆ. ಬಿಳಿಗೆರೆಯಿಂದ ನಂಜನಗೂಡಿಗೆ ದಿನಾ ಬಸ್ಸಿನಲ್ಲಿ ಬಂದು ಟೈಪಿಂಗ್ ಕಲಿಯುತ್ತಿದ್ದ ಕಾಲ. ಸೀನಿಯರ್ ಪರೀಕ್ಷೆಯೂ ಪಾಸಾಗಿತ್ತು. ಹತ್ತು ಬೆರಳಿಗೂ ವಿದ್ಯೆ ಬಂತು, ಯಾವುದೋ ಆಫೀಸಿನ ಮೂಲೆಯಲ್ಲಿ ಫ್ಯಾನಿನ ಕೆಳಗೆ ಒಂದು ಕುರ್ಚಿ ಸಿಕ್ಕರೆ ಸಾಕು ಎಂದುಕೊಂಡಿದ್ದಾಗಲೇ ಎದುರು ಸಾಲಿನಲ್ಲಿ ಗಾಜಿನ ಬಾಗಿಲಿನ ಕಂಪ್ಯೂಟರ್ ಕ್ಲಾಸ್ ಶುರುವಾಯಿತು. ಒಂದು ಮಧ್ಯಾಹ್ನ ನಮ್ಮ ಟೈಪಿಂಗ್ ಮೇಷ್ಟ್ರು ಮೆಷಿನ್ನುಗಳಿಗೆಲ್ಲ ಮುಸುಕು ಹಾಕುತ್ತಾ, “ಇನ್ನು ಈ ಬೆರಳಿಗೆಲ್ಲ ಕೆಲಸ ಇರಲ್ಲ ಕಣೋ ಸಿದ್ದರಾಜು. ಮೆಷಿನ್ನಿಗೆ ಮಾಡೋಕಾಗದೇ ಇರೋದು ಯಾವುದಾದ್ರೂ ಹಿಡ್ಕೊ” ಅಂದರು. ಬೇರೆಯವರಾಗಿದ್ದರೆ ಒಂದು ನಿಟ್ಟುಸಿರು ಬಿಟ್ಟು ಮರೆಯುತ್ತಿದ್ದರು. ನಾನು ಮನೆಗೆ ಹೋಗಿ ಪಟ್ಟಿ ಬರೆದೆ. ಪೂಜಾರಿ, ಕ್ಷೌರಿಕ, ಹೆಣ ಸುಡುವವನು, ನರ್ಸು. ಮೊದಲ ಮೂರಕ್ಕೆ ಒಂದಲ್ಲ ಒಂದು ಅಡ್ಡಿಯಿತ್ತು. ಉಳಿದದ್ದು ಒಂದೇ.

ಸೇವೆ ಗೀವೆ ಎಂಬ ದೊಡ್ಡ ಮಾತು ನನ್ನ ತಲೆಯಲ್ಲಿ ಇರಲೇ ಇಲ್ಲ. ಈಗ ನಿವೃತ್ತಿಯ ಭಾಷಣಗಳಲ್ಲಿ ಅದನ್ನು ಕೇಳುವಾಗೆಲ್ಲ ನಾನು ನೆಲ ನೋಡುತ್ತೇನೆ. ನಾನು ಈ ಕೆಲಸಕ್ಕೆ ಬಂದದ್ದು ಭಯಕ್ಕೆ. ನಮ್ಮಪ್ಪ ಎರಡು ದಿನ ಮಾತಾಡಲಿಲ್ಲ. ಬಿಳಿಗೆರೆಯ ಟೀ ಅಂಗಡಿಯಲ್ಲಿ ಮಾತ್ರ ಮಾತಿಗೆ ಬರವಿರಲಿಲ್ಲ. “ಏನ್ಲಾ ಸಿದ್ರಾಜ, ಬಿಳಿ ಸೀರೆ ಉಟ್ಕಂಡೇ ಬಸ್ ಅತ್ತೀಯ, ಇಲ್ಲ ಅಲ್ಲೋಗಿ ಉಟ್ಕತೀಯ?” ಎಂದು ಓರಗೆಯವರು ಕೇಳುತ್ತಿದ್ದರು. ಮೂರು ವರ್ಷ ಮೈಸೂರಿನಲ್ಲಿ ಕಲಿತು ಮುಗಿಸುವ ಹೊತ್ತಿಗೆ ಅವರಲ್ಲಿ ಇಬ್ಬರು ಹೊಟ್ಟೆನೋವಿಗೆ ನನ್ನನ್ನೇ ಮಾತ್ರೆ ಕೇಳುವಂತಾಗಿದ್ದರು. ಅದು ಬೇರೆ ವಿಷಯ.

ಎರಡು ಸಾವಿರದ ಇಸವಿಯ ಆಸುಪಾಸು, ಯುಗಾದಿ ಕಳೆದ ಮೇಲೆ ಟಿ. ನರಸೀಪುರದ ಆ ಸಣ್ಣ ಆಸ್ಪತ್ರೆಗೆ ಸೇರಿಕೊಂಡೆ. ಒಬ್ಬರೇ ಡಾಕ್ಟರು, ಹೆಂಗಸರದೊಂದು ವಾರ್ಡು, ಗಂಡಸರದೊಂದು. ಒಂದು ವರ್ಷ ನೋಡುತ್ತೇನೆ, ಸರಿಹೋದರೆ ಕಾಯಂ ಎಂದು ಡಾಕ್ಟರು ಹೇಳಿದ್ದರು. ಆ ವರ್ಷವನ್ನು ನಾನು ಪರೀಕ್ಷೆಯ ಹಾಲಿನಲ್ಲಿ ಕೂತವನ ಹಾಗೆ ಕಳೆದೆ. ನಾಡಿ ನೋಡುವುದೆಂದರೆ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಎಲ್ಲರ ರೂಢಿ. ನಾನು ಪೂರ್ತಿ ನಿಮಿಷ ಎಣಿಸುತ್ತಿದ್ದೆ, ಮಧ್ಯದಲ್ಲಿ ಅನುಮಾನ ಬಂದು ಮತ್ತೆ ಮೊದಲಿಂದ ಎಣಿಸುತ್ತಿದ್ದೆ. ರೋಗಿಗಳಿಗೆ ನನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಕಡೆಗೆ “ಸಿಸ್ಟರ್ ಸಾ” ಎಂಬಲ್ಲಿಗೆ ಬಂದು ನಿಂತಿದ್ದರು. ವಾರ್ಡಿನ ಆಯಾ ಚಿಕ್ಕತಾಯಮ್ಮ ಮಾತ್ರ ಮೊದಲ ದಿನದಿಂದಲೂ ಬರೀ “ಸಾ” ಅನ್ನುತ್ತಿದ್ದಳು. ಅದರಲ್ಲಿ ಮರ್ಯಾದೆಗಿಂತ ಕನಿಕರ ಜಾಸ್ತಿ ಇದ್ದ ಹಾಗಿತ್ತು. ಓದು ಬರಹ ಬಾರದ ಅವಳು ರೋಗಿಗಳನ್ನು ಗುರುತಿಟ್ಟುಕೊಳ್ಳುತ್ತಿದ್ದದ್ದು ಬಿಳಿಗೆರೆ ಸೊಂಟನೋವು, ಸುತ್ತೂರು ಮೂರನೇ ಹೆರಿಗೆ ಎಂದು.

ಸೇರಿದ ದಿನವೇ ಡಾಕ್ಟರು ನನ್ನ ಅರ್ಜಿ ನೋಡಿ, “ಟೈಪಿಂಗ್ ಸೀನಿಯರ್ ಆಗಿದೆಯಲ್ಲ, ಒಳ್ಳೇದೇ ಆಯ್ತು” ಎಂದು ಒಳಗೆ ಕರೆದುಕೊಂಡು ಹೋದರು. ಮೇಜಿನ ಮೇಲೆ ಹೂವಿನ ಬಟ್ಟೆ ಹೊದ್ದು ಕೂತಿತ್ತು, ಹೊಸ ಕಂಪ್ಯೂಟರ್. ಯಾವುದಕ್ಕೆ ಹೆದರಿ ನಂಜನಗೂಡಿನಿಂದ ಓಡಿದ್ದೆನೋ ಅದು ನರಸೀಪುರದಲ್ಲಿ ನನಗಿಂತ ಮುಂಚೆ ಬಂದು ಕಾಯುತ್ತಿತ್ತು. ದಿನಾ ಬೆಳಿಗ್ಗೆ ಯಾವ ಮಂಚಕ್ಕೆ ಯಾವ ಹೊತ್ತಿಗೆ ಯಾವ ಔಷಧಿ ಎಂಬ ಪಟ್ಟಿ ಮಾಡಿ ಪ್ರಿಂಟು ತೆಗೆಯುವುದು ನನ್ನ ಪಾಲಿಗೆ ಬಂತು. ನಿಜ ಹೇಳುತ್ತೇನೆ, ಬಹಳ ಖುಷಿಯಾಯಿತು. ಹತ್ತು ಬೆರಳಿಗೂ ಮತ್ತೆ ಕೆಲಸ ಬಂತಲ್ಲ. ಎಡಗಡೆ ಮಂಚದ ನಂಬರು, ಬಲಗಡೆ ಔಷಧಿ, ನಡುವೆ ಅಳತೆಯಿಟ್ಟ ಹಾಗೆ ಗೆರೆಗಳು. ಹೆಸರು ಹಾಕಿದರೆ ಸಾಲು ಎರಡನೇ ಗೆರೆಗೆ ಹೋಗಿ ಅಂದ ಕೆಡುತ್ತಿತ್ತು. ಆದ್ದರಿಂದ ಹಾಕುತ್ತಿರಲಿಲ್ಲ. ಬೇರೆ ಯಾವುದನ್ನೂ ನಂಬದ ನಾನು ಆ ಹಾಳೆಯನ್ನು ನಂಬಿದೆ, ನಾನೇ ಟೈಪ್ ಮಾಡಿದ್ದಲ್ಲವೇ ಅದು.

ಶ್ರಾವಣ ಬಂತು. ಆ ವರ್ಷ ಕಪಿಲೆಯೂ ಕಾವೇರಿಯೂ ತುಂಬಿ ಸಂಗಮದ ಹತ್ತಿರ ಎರಡು ನೀರಿನ ಬಣ್ಣವೂ ಒಂದೇ ಕೆಂಪಾಗಿತ್ತು. ನಾಲೆ ಬಯಲಿನಲ್ಲೆಲ್ಲ ನಾಟಿ. ವಾರ್ಡಿಗೆ ಬರುವವರ ಕಾಲ್ಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಒಣಗಿರುತ್ತಿತ್ತು. ಹಾಗೆ ಬಂದವರು ಮಾದೇವಮ್ಮ. ನದಿಯಾಚೆಯ ಹಳ್ಳಿ, ಕೂಲಿ ನಾಟಿಗೆ ಹೋಗುವವರು, ನಲವತ್ತರ ಆಚೀಚೆ ವಯಸ್ಸು. ಅಂಗಾಲಿಗೆ ಮುಳ್ಳು ಚುಚ್ಚಿ ಕೀವಾಗಿತ್ತು. ಅವರಿಗೆ ಎಂಟನೇ ಮಂಚ ಕೊಟ್ಟೆವು. ಅದೇ ದಿನ ಸಕ್ಕರೆ ಕಾಯಿಲೆ ಏರಿಸಿಕೊಂಡು ಬಂದ, ತೋಟ ಗದ್ದೆಯುಳ್ಳ ಮನೆಯ ನಾಗಮ್ಮನವರಿಗೆ ಏಳನೆಯದು. ಮೂಲೆ ಇಕ್ಕಟ್ಟಾಗಿದ್ದರಿಂದ ಏಳನೇ ಮಂಚವೊಂದನ್ನು ಮಾತ್ರ ತಿರುಗಿಸಿ ಹಾಕಿದ್ದರು, ತಲೆಭಾಗ ಉತ್ತರದ ಗೋಡೆಗೆ.

ಸೋಮವಾರ ಬೆಳಿಗ್ಗೆ ನಾನು ಒಳಗೆ ಕೂತು ಪಟ್ಟಿ ಪ್ರಿಂಟು ತೆಗೆಯುತ್ತಿದ್ದಾಗ ವಾರ್ಡಿನಲ್ಲಿ ನಡೆದದ್ದು ಇಷ್ಟು. ಉತ್ತರಕ್ಕೆ ತಲೆ ಹಾಕಿ ಮಲಗಿ ರಾತ್ರಿಯೆಲ್ಲ ಕೆಟ್ಟ ಕನಸು ಬಿತ್ತೆಂದು ನಾಗಮ್ಮನವರು ಚಿಕ್ಕತಾಯಮ್ಮನ ಹತ್ತಿರ ಹೇಳಿಕೊಂಡರು. ಚಿಕ್ಕತಾಯಮ್ಮ ಪಕ್ಕದ ಮಾದೇವಮ್ಮನನ್ನು ಕೇಳಿದಳು. ಅವರು ಆಗಲಿ ಬಿಡಿ ಎಂದು ಎದ್ದರು. ಚಿಕ್ಕತಾಯಮ್ಮ ಇಬ್ಬರ ದಿಂಬು, ಹೊದಿಕೆ, ತಟ್ಟೆ, ಲೋಟ ಎಲ್ಲವನ್ನೂ ಅದಲು ಬದಲು ಮಾಡಿದಳು. ಗೋಡೆಯ ಮೊಳೆಗೆ ನೇತುಹಾಕಿದ್ದ ಕೇಸ್ ಶೀಟುಗಳನ್ನು ಮಾತ್ರ ಮುಟ್ಟಲಿಲ್ಲ. ಕಾಗದ ಪತ್ರ ಆಫೀಸಿನ ವಿಷಯ, ತಾನು ಕೈಹಾಕಬಾರದು ಎಂಬ ನಿಯತ್ತು. ಇನ್ನು ಮಾದೇವಮ್ಮ, ಏಳನೇ ಮಂಚದ ಕಾಲ ಕಡೆಗೆ ದಿಂಬು ಹಾಕಿಕೊಂಡು ತಿರುಗಿ ಮಲಗಿದರು. ಇಷ್ಟು ಸುಲಭದ ಪರಿಹಾರ ನಾಗಮ್ಮನವರಿಗೆ ಹೊಳೆದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮುಂಚೆ ಏಳನೇ ಮಂಚಕ್ಕೆ ಇನ್ಸುಲಿನ್. ಹಾಳೆ ನೋಡಿದೆ. ಶೀಶೆ ನೋಡಿದೆ. ಸಿರಿಂಜನ್ನು ಬೆಳಕಿಗೆ ಹಿಡಿದು ಎರಡು ಸಲ ಅಳತೆ ನೋಡಿದೆ. ಗೋಡೆಯ ಮೇಲಿನ ನಂಬರನ್ನೂ ನೋಡಿದೆ. ಎಷ್ಟು ಎಚ್ಚರ ನೋಡಿ. ಮಲಗಿದ್ದವರ ಮುಖ ಮಾತ್ರ ನೋಡಲಿಲ್ಲ. “ನಾಗಮ್ಮನೋರಲ್ವಾ?” ಎಂದೆ. “ಊಂ ಸಾ” ಎಂದು ತೋಳು ಕೊಟ್ಟರು. ಚುಚ್ಚಿದೆ.

ಮುಕ್ಕಾಲು ಗಂಟೆ ಕಳೆದ ಮೇಲೆ ಚಿಕ್ಕತಾಯಮ್ಮ ಬಾಗಿಲಲ್ಲಿ ಬಂದು ನಿಂತಳು.

“ಮಾದೇವಮ್ಮ ಯಾಕೋ ಬೆವರ್ತಾವಳೆ ಸಾ. ಏನೇನೋ ಮಾತಾಡ್ತಾವಳೆ.”

“ಎಂಟನೇ ಬೆಡ್ಡಾ?”

“ಎಂಟೋ ಏಳೋ ನಿಮ್ ಚೀಟಿಗೆ ಗೊತ್ತು. ಮೂಲೇಲವಳಲ್ಲ ಸಾ, ಬೆಳಿಗ್ಗೆ ನಾನೇ ಮಲಗಿಸ್ದೆ.”

ಓಡಿದೆ. ಸೀರೆಯ ಸೆರಗು ಒದ್ದೆಯಾಗುವಷ್ಟು ಬೆವರು, ಕೈಕಾಲು ನಡುಕ, ಕಣ್ಣು ಎಲ್ಲೋ. ನಾಟಿ ಸಾಲು ಡೊಂಕಾಯ್ತು, ತೆಗೀರಿ ತೆಗೀರಿ ಎಂದು ಯಾರಿಗೋ ಹೇಳುತ್ತಿದ್ದರು. ಅಂದು ಶ್ರಾವಣ ಸೋಮವಾರ. ನಂಜುಂಡಪ್ಪನ ಒಪ್ಪತ್ತೆಂದು ಬೆಳಗಿನಿಂದ ಅವರ ಹೊಟ್ಟೆಗೆ ಒಂದು ಅಗುಳೂ ಬಿದ್ದಿರಲಿಲ್ಲವೆಂದು ಚಿಕ್ಕತಾಯಮ್ಮ ಆಗ ಹೇಳಿದಳು. ಸಕ್ಕರೆ ಕಾಯಿಲೆಯಿಲ್ಲದ, ಉಪವಾಸದ ಮೈಗೆ ಇನ್ಸುಲಿನ್. ಡಾಕ್ಟರನ್ನು ಕೂಗಿ, ಗ್ಲೂಕೋಸ್ ತಂದು, ತಣ್ಣಗಾದ ಆ ಕೈಯಲ್ಲಿ ನರ ಹುಡುಕಿದೆ. ಸದಾ ಎರಡನೇ ಸಲಕ್ಕೆ ಸಿಗುತ್ತಿದ್ದ ನರ ಅವತ್ತು ಮೊದಲ ಸಲಕ್ಕೇ ಸಿಕ್ಕಿತು. ಗ್ಲೂಕೋಸ್ ಒಳಕ್ಕೆ ಹೋದ ಹಾಗೆ ಕಣ್ಣು ತಿರುಗಿ ನಮ್ಮ ಕಡೆಗೆ ಬಂತು. ಬಾಯಾರಿಕೆ ಅಂದರು. ಸಕ್ಕರೆ ನೀರು ಕುಡಿಸಿದೆವು.

ಡಾಕ್ಟರು ಬೆವರು ಒರೆಸಿಕೊಂಡು, ಒಪ್ಪತ್ತು ಮಾಡಿ ಸುಸ್ತಾಗಿದೆ, ಸಕ್ಕರೆ ಇಳಿದುಹೋಗಿದೆ ಎಂದರು. ಆಮೇಲೆ ನನ್ನ ಭುಜ ತಟ್ಟಿ, “ಒಳ್ಳೇ ಸಮಯಕ್ಕೆ ನೋಡಿದ್ರಿ ಸಿದ್ದರಾಜು” ಎಂದು ತಮ್ಮ ಕೋಣೆಗೆ ಹೋದರು.

ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನಾನು ಅಲ್ಲೇ ನಿಂತೆ. ಎಲ್ಲರಿಗೂ ಒಪ್ಪತ್ತೆಂಬ ಕಾರಣ ಸಿಕ್ಕಿಬಿಟ್ಟಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಯುಗಾದಿಯವರೆಗೆ ಬಾಯಿಮುಚ್ಚಿಕೊಂಡಿದ್ದರೆ ಕೆಲಸ ಕಾಯಂ. ಬಾಯಿ ಬಿಟ್ಟರೆ ಮಾಡಲು ಇನ್ನೇನಿತ್ತು? ಟೈಪಿಂಗಿಗೆ ತಿರುಗಿ ಹೋಗೋಣವೆಂದರೆ ನಂಜನಗೂಡಿನ ಆ ಮೆಷಿನ್ನುಗಳು ಆಗಲೇ ಗುಜರಿಗೆ ಹೋಗಿದ್ದವು. ಬಿಳಿಗೆರೆಯ ಟೀ ಅಂಗಡಿಯೂ ಕಣ್ಣ ಮುಂದೆ ಬಂತು. ಆದರೆ ಚುಚ್ಚಿದ್ದು ಇನ್ನೂ ಅವರ ಮೈಯಲ್ಲೇ ಇತ್ತು, ಸಂಜೆಯವರೆಗೂ ಅದು ಕೆಲಸ ಮಾಡುತ್ತದೆ, ಸಕ್ಕರೆ ಮತ್ತೆ ಇಳಿಯುತ್ತದೆ. ಒಪ್ಪತ್ತಿನ ಸುಸ್ತು ಎಂದುಕೊಂಡ ಡಾಕ್ಟರು ಮತ್ತೆ ಬಂದು ನೋಡುವುದಿಲ್ಲ. ಇದು ಗೊತ್ತಿದ್ದವನು ಆ ಕಟ್ಟಡದಲ್ಲಿ ನಾನೊಬ್ಬನೇ.

ಹೋಗಿ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಷ್ಟು ಹೊತ್ತಾಯ್ತು?”

“ಚುಚ್ಚಿ ಒಂದು ಗಂಟೆ ಆಯ್ತು ಸರ್.”

“ಅದಲ್ಲ. ನಿಮಗೆ ಗೊತ್ತಾಗಿ.”

“ಗ್ಲೂಕೋಸ್ ಕೊಡುವಾಗ್ಲೇ ಗೊತ್ತಿತ್ತು ಸರ್. ನೀವು ಈ ಕಡೆ ಬಂದು ಹತ್ತು ನಿಮಿಷ ಆಯ್ತು.”

“ಆ ಹತ್ತು ನಿಮಿಷ ನೆನಪಿಟ್ಕೊಳ್ಳಿ,” ಎಂದರು. ಆಮೇಲೆ ಎದ್ದು, ಹನಿಸುವುದಕ್ಕೆ ಇನ್ನೊಂದು ಬಾಟಲಿ ಬರೆದರು. ನಾಗಮ್ಮನವರಿಗೆ ಸೇರಬೇಕಾದ್ದನ್ನು ತಾವೇ ಹೋಗಿ ಕೊಟ್ಟರು. ಸಂಜೆವರೆಗೆ ಮಾದೇವಮ್ಮನ ಪಕ್ಕದಿಂದ ಏಳಕೂಡದು, ಅರ್ಧರ್ಧ ಗಂಟೆಗೆ ಸಕ್ಕರೆ ನೋಡಬೇಕು ಎಂದು ನನಗೆ ಹೇಳಿದರು. ಬಾಗಿಲ ಹತ್ತಿರ ಹೋದವನನ್ನು ಮತ್ತೆ ಕರೆದು, “ಅವರಿಗೂ ನೀವೇ ಹೇಳಿ” ಅಂದರು.

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಸ್ಟೂಲು ಎಳೆದುಕೊಂಡು, ಅವರ ಮಣಿಕಟ್ಟು ಹಿಡಿದು ಕೂತೆ. ನಾಟಿಯ ಕೈ, ಉಗುರಿನ ಸುತ್ತ ಕೆಸರು ಕಚ್ಚಿಕೊಂಡು ಬೆರಳ ತುದಿ ಬಿರಿದಿತ್ತು. ಎಣಿಸಿದೆ, ಮತ್ತೆ ಎಣಿಸಿದೆ. ನಾಲ್ಕು ಗಂಟೆಯ ಹೊತ್ತಿಗೆ ಇನ್ನೊಮ್ಮೆ ಸಕ್ಕರೆ ಇಳಿಯಿತು, ಮತ್ತೆ ಏರಿಸಿದೆವು. ಬಾಯಿ ಬಿಡದೆ ಇದ್ದಿದ್ದರೆ ಆ ನಾಲ್ಕು ಗಂಟೆಯ ಹೊತ್ತಿಗೆ ಏನಾಗುತ್ತಿತ್ತು ಎಂಬುದು ಈಗಲೂ ಕೆಲವು ದಿನ ಊಟದ ನಡುವೆ ನೆನಪಾಗಿ ತುತ್ತು ನಿಲ್ಲುತ್ತದೆ.

ಐದು ಗಂಟೆಗೆ ಅವರು ಸರಿಯಾಗಿ ಎದ್ದು ಕೂತರು. ಚಿಕ್ಕತಾಯಮ್ಮನೂ ಬಂದು ನಿಂತಿದ್ದಳು. ಬೇರೆಯವರ ಔಷಧಿ ನಿಮಗೆ ಚುಚ್ಚಿದೆ, ತಪ್ಪು ನನ್ನದು, ನಿಮ್ಮ ಜೀವಕ್ಕೇ ಕುತ್ತು ಬರುತ್ತಿತ್ತು ಎಂದೆ.

“ಅಂಗಾದ್ರೆ ನಂಗೆ ಸಕ್ಕರೆ ನೀರು ಕುಡಿಸ್ದೋರು ನೀವೇಯಾ?”

“ಹೌದಮ್ಮ.”

“ಮೂರನೇ ಸೋಮವಾರ ಸಾ ಇದು. ಒಪ್ಪತ್ತು ಕೆಡಿಸ್ಬುಟ್ರಲ್ಲ.”

ಚಿಕ್ಕತಾಯಮ್ಮ ನ್ಯಾಯ ಹೇಳಲು ಬಂದಳು. ಕೈಯಿಂದ ಒಳಕ್ಕೆ ಹೋದದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ, ಬಾಯಿಗೆ ಕೊಟ್ಟದ್ದು ಬುದ್ಧಿ ತಪ್ಪಿದಾಗ, ಅದೂ ನಂಜುಂಡಪ್ಪನ ಲೆಕ್ಕಕ್ಕೆ ಇಲ್ಲ ಎಂದಳು. ಮಾದೇವಮ್ಮನಿಗೆ ಅದು ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ. ನಾನು ತಡೆಯಲಾರದೆ ಕೇಳಿದೆ, ನಾಗಮ್ಮನವರಾ ಎಂದಾಗ ಯಾಕೆ ಹೂಂ ಅಂದಿರಿ?

“ಮೇಷ್ಟ್ರು, ಪೊಲೀಸು, ಸೂಜಿ ಇಡ್ಕಂಡೋರು ಕೇಳುದ್ರೆ ಊಂ ಅನ್ನದೆ ಇನ್ನೇನಂದಾರು ಸಾ? ಮಂಚ ಬುಡು ಅಂದ್ರು, ಊಂ ಅಂದೆ. ನಾಗಮ್ಮನಾ ಅಂದ್ರಿ, ಊಂ ಅಂದೆ. ನಂಗೆ ಅದೇಯಾ ಅಭ್ಯಾಸ.”

ಚಿಕ್ಕತಾಯಮ್ಮ ನನ್ನ ಕಡೆ ತಿರುಗಿ, “ಎಸ್ರ ನೀವ್ ಯೇಳ್ಬಾರ್ದು ಸಾ. ಅವರ ಬಾಯಿಂದ ಯೇಳುಸ್ಬೇಕು” ಅಂದಳು. ಮೂರು ವರ್ಷ ಓದಿದ ಪುಸ್ತಕದಲ್ಲೂ ಇದೇ ಮಾತು ಇತ್ತು. ನಾನು ಅದನ್ನು ಪರೀಕ್ಷೆಯಲ್ಲಿ ಬರೆದಿದ್ದೆ, ಅದಕ್ಕೆ ನಂಬರೂ ಬಂದಿತ್ತು.

ಮಾರನೆಯ ದಿನ ರಾಜೀನಾಮೆ ಟೈಪ್ ಮಾಡಿದೆ. ಎಡಗಡೆ ಅಂಚು ಬಲಗಡೆ ಅಂಚು ಸಮ, ತಪ್ಪಿಲ್ಲದ ಹಾಳೆ. ಡಾಕ್ಟರು ಅದನ್ನು ಡ್ರಾಯರಿಗೆ ಹಾಕಿಕೊಂಡರು. ನಾಲ್ಕು ದಿನ ಡ್ರಾಯರಿನ ಸದ್ದಾದಾಗೆಲ್ಲ ನನ್ನ ನಾಡಿ ನೂರು ದಾಟುತ್ತಿತ್ತು. ಮಾದೇವಮ್ಮನ ಕಾಲು ಒಣಗಿ ಮನೆಗೆ ಹೊರಟ ದಿನ ಡಾಕ್ಟರು ನನ್ನನ್ನೂ ಕರೆದು ನಿಲ್ಲಿಸಿಕೊಂಡು, ತಪ್ಪು ನಮ್ಮ ಕಡೆಯದು, ಇವರನ್ನು ಏನು ಮಾಡಬೇಕೆಂದು ನೀವು ಹೇಳುವುದಿದ್ದರೆ ಹೇಳಿ ಎಂದರು. ಕರುಣೆ ತೋರಿಸುತ್ತಾರೇನೋ ಎಂದು ಆಸೆಯಿಂದ ಮಾದೇವಮ್ಮನ ಮುಖ ನೋಡಿದೆ. ಅಲ್ಲಿ ಅಂಥದ್ದೇನೂ ಇರಲಿಲ್ಲ. ನಾಟಿಗೆ ಸಸಿಯ ಕಟ್ಟು ಆರಿಸುವವರ ಮುಖ ಅದು.

“ಇವ್ರು ಇನ್ಮೇಕೆ ಕೇಳ್ದೆ ಚುಚ್ಚಾಕಿಲ್ಲ ಸಾ,” ಅಂದರು. “ಒಸಬನ್ನ ತಂದಿಟ್ರೆ ಅವ್ನು ಇನ್ನೊಬ್ಬಳಿಗೆ ಇಂಗೇ ಮಾಡ್ತನೆ. ಕಲ್ತಿರೋನ್ನೇ ಮಡಿಕ್ಕಳಿ.”

ಅವರು ಹೋದ ಮೇಲೆ ಡಾಕ್ಟರು ಡ್ರಾಯರ್ ಎಳೆದು ನನ್ನ ರಾಜೀನಾಮೆಯನ್ನು ಮಗುಚಿ ಹಾಕಿದರು. ಅದರ ಬೆನ್ನ ಮೇಲೆ ಹೊಸ ಪಟ್ಟಿಗೆ ಗೆರೆ ಎಳೆದು, ಮೊದಲು ಹೆಸರು, ಆಮೇಲೆ ಊರು, ಕಡೆಗೆ ಮಂಚ ಎಂದು ಬರೆದುಕೊಟ್ಟರು. ಪ್ರತಿ ಹೆಸರೂ ಎರಡನೇ ಸಾಲಿಗೆ ಹೋಗಿ ಅಂದ ಕೆಟ್ಟಿತು. ಏಳನೇ ಮಂಚವನ್ನು ಪೂರ್ವಕ್ಕೆ ತಿರುಗಿಸಿದೆವು. ಅದರ ಕಾಲು ದಾರಿಗೆ ಚಾಚಿಕೊಂಡು, ನಾನು ಇದ್ದಷ್ಟು ವರ್ಷವೂ ಬಂದವರ ಮೊಣಕಾಲಿಗೆಲ್ಲ ಬಡಿಯುತ್ತಿತ್ತು.

ಹೌದು, ಇದ್ದಷ್ಟು ವರ್ಷ. ಯುಗಾದಿಗೆ ಕಾಯಂ ಆಯಿತು. ಆಮೇಲೆ ನಂಜನಗೂಡಿಗೆ ಬಂದೆ, ಈಗಲೂ ಅಲ್ಲೇ ಒಂದು ಆಸ್ಪತ್ರೆಯಲ್ಲಿದ್ದೇನೆ. ರಕ್ತದೊತ್ತಡಕ್ಕೆ, ನಾಡಿಗೆ, ಹನಿ ಎಣಿಸುವುದಕ್ಕೆ ಒಂದೊಂದಾಗಿ ಯಂತ್ರಗಳು ಬಂದವು. ಪ್ರತಿಯೊಂದು ಬಂದಾಗಲೂ ಇನ್ನು ನನ್ನ ಕಥೆ ಮುಗಿಯಿತು ಎಂದು ವಾರ ನಿದ್ದೆಗೆಟ್ಟೆ, ಆಮೇಲೆ ಅದಿಲ್ಲದೆ ಹೇಗೆ ಕೆಲಸ ಮಾಡುತ್ತಿದ್ದೆವೋ ಎಂದುಕೊಂಡೆ. ಈಗ ರೋಗಿಯ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಅದಕ್ಕೆ ಯಂತ್ರ ಹಿಡಿದರೆ ಹೆಸರು, ಊರು, ಔಷಧಿ ಎಲ್ಲ ಪರದೆಯ ಮೇಲೆ ಬರುತ್ತದೆ. ಹಿಡಿಯುತ್ತೇನೆ. ಹಿಡಿದ ಮೇಲೂ, ನಿಮ್ಮ ಹೆಸರು ನೀವೇ ಹೇಳಿ ಅನ್ನುತ್ತೇನೆ. ಹೊಸದಾಗಿ ಬಂದ ನರ್ಸ್ ಹುಡುಗಿಯರು ನನ್ನ ಬೆನ್ನ ಹಿಂದೆ ನನ್ನ ಧ್ವನಿಯನ್ನೇ ಅಣಕಿಸುತ್ತಾರೆಂದು ಗೊತ್ತು. ಅಣಕಿಸುವಾಗಲೂ ಅವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾರೆ, ಹಾಗಾಗಿ ಸುಮ್ಮನಿದ್ದೇನೆ.

ಮಳೆ ಬಿಟ್ಟಿತು. ಚೈತ್ರ ಆ ಅಂಗಡಿಯ ಮಂಚದ ಕಂಬಿಯನ್ನು ಬೆರಳಲ್ಲಿ ಸವರುತ್ತಿದ್ದಳು. ನಾಮಕರಣಕ್ಕೆ ಇನ್ನೂ ಹೊತ್ತಿತ್ತು. ಬಾ ಎಂದು ಅವಳನ್ನು ಬಸ್‌ಸ್ಟ್ಯಾಂಡಿನ ಪಕ್ಕದ ಸೊಪ್ಪಿನ ಸಾಲಿಗೆ ಕರೆದುಕೊಂಡು ಹೋದೆ. ನಾಟಿಗೆ ಬಗ್ಗಲು ಸೊಂಟ ಕೇಳದಾದ ಮೇಲೆ ಮಾದೇವಮ್ಮ ಅಲ್ಲಿ ಕೂರುತ್ತಾರೆ. ತಲೆ ಪೂರ್ತಿ ಬೆಳ್ಳಗಾಗಿದೆ. ಒದ್ದೆ ಗೋಣಿಯ ಮೇಲೆ ದಂಟು, ಕೀರೆ, ಹೊನಗೊನೆ. ನಾನು ಆ ಊರಿಗೆ ಹೋದಾಗೆಲ್ಲ ಹೇಳುವುದನ್ನೇ, ನಾನಿನ್ನೂ ಹತ್ತು ಮಾರು ದೂರದಲ್ಲಿರುವಾಗಲೇ, ಸಾಲಿನವರಿಗೆಲ್ಲ ಕೇಳುವ ಹಾಗೆ ಹೇಳಿದರು.

“ನಾನು ಮಾದೇವಮ್ಮ ಸಾ. ಏಳನೇ ಮಂಚ. ನಾಗಮ್ಮ ಅಲ್ಲ.”

ಪಕ್ಕದವರು ನಕ್ಕರು, ಅವರಿಗೂ ಇದು ಹಳತು. ಈ ಹುಡುಗಿ ನರ್ಸಿಂಗ್ ಓದಬೇಕೋ ಬೇಡವೋ ಎಂದು ನನ್ನನ್ನು ಕೇಳುತ್ತಿದ್ದಾಳೆ, ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ನೀವೇ ಹೇಳಿ ಎಂದೆ. ಮಾದೇವಮ್ಮ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ಚೈತ್ರಳನ್ನು ಮೇಲಿಂದ ಕೆಳಗೆ ನೋಡಿದರು. ಅವಳ ಕೈ ಹಿಡಿದು ಬೆರಳು ನೋಡಿದರು.

“ನಿನ್ನೆಸ್ರೇನವ್ವ?”

“ನಮ್ಮಣ್ಣನ ಮಗಳು, ಚೈ…” ಎಂದು ನಾನು ಬಾಯಿ ಹಾಕಿದೆ.

ಮಾದೇವಮ್ಮ ನನ್ನ ಕಡೆ ತಿರುಗದೆಯೇ ಒದ್ದೆ ಕೈ ಎತ್ತಿ ತಡೆದರು.

“ನೀವ್ ಯೇಳ್ಬೇಡಿ ಸಾ. ಅವ್ಳೇ ಯೇಳ್ಲಿ.”